ದಂಡಿನ ವೈದ್ಯನ ಚೀಟಿ: ಯೋಧರಲ್ಲಿ ಔಷಧಗಳ ದುರುಪಯೋಗದ ಇತಿಹಾಸ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಔಪನಿಷದಿಕವೆಂಬ ಹದಿನಾಲ್ಕನೆಯ ಅಧಿಕರಣವೊಂದುಂಟು. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥದ ಮೂಲವನ್ನು ಅಚ್ಚು ಹಾಕಿಸಿ ಬೆಳಕಿಗೆ ತಂದ ಮೇಲೆ ಅದರ ದಂಡನೀತಿಯೂ ಆಯವ್ಯಯಕ್ರಮವೂ ವಿದ್ವಾಂಸರ ವಿಮರ್ಶೆಗೆ ಬಹುವಾಗಿ ಗುರಿಯಾದುವು. ಈ ಅಧಿಕರಣವನ್ನಾದರೋ ಮಾಟಮದ್ದುಗಳ ಕಂತೆಯೆಂದು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಆದರೂ ಅಲ್ಲಿ ಗಮನಿಸತಕ್ಕ ಎರಡು ಪ್ರಯೋಗಗಳಿವೆ. ಶಿರೀಷ, ಉದುಂಬರ, ಶಮೀ ಇವುಗಳ ಚೂರ್ಣವನ್ನು ತುಪ್ಪದೊಡನೆ ಸೇವಿಸಿದವನಿಗೆ ಅರ್ಧಮಾಸ ಹಸಿವು ಬಾಧಿಸದೆಂಬುದು ಒಂದು. ಗೂಬೆ ಹದ್ದುಗಳ ವಸೆಯನ್ನು ಒಂಟೆಯ ಚರ್ಮದ ಪಾದರಕ್ಷೆಗೆ ಬಳಿದು ಮೆಟ್ಟಿಕೊಂಡವನು ಐವತ್ತು ಯೋಜನ ದೂರವನ್ನು ಆಯಾಸವಿಲ್ಲದೆ ನಡೆಯುವನೆಂಬುದು ಇನ್ನೊಂದು. ಈ ಪ್ರಯೋಗಗಳು ಫಲಿಸಿದುವೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ. ಹಸಿವು ನಿದ್ರೆ ಬಳಲಿಕೆಗಳಿಗೆ ಮೀರಿದ ಭಟನೊಬ್ಬನು ತನಗೆ ದೊರೆಯಬೇಕೆಂಬ ರಾಜನ ಬಯಕೆ ಎಷ್ಟು ಹಳೆಯದೆಂಬುದಕ್ಕೆ ಅವು ಸಾಕ್ಷಿ. ಆ ಬಯಕೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರವು ಒಂದು ಮಟ್ಟಿಗೆ ಈಡೇರಿಸಿತು. ಅಂದಿನಿಂದ, ಯೋಧನು ಔಷಧವನ್ನು ಉಪಯೋಗಿಸಿದ್ದು ಎಲ್ಲಿಗೆ ಮುಗಿದು ದುರುಪಯೋಗವು ಎಲ್ಲಿ ಮೊದಲಾಯಿತು, ಆ ಗೆರೆಯನ್ನು ಎಳೆದವರು ಯಾರು, ಎಂಬ ತೊಡಕು ಎಲ್ಲ ದೊಡ್ಡ ಸೈನ್ಯಗಳನ್ನೂ ಬೆನ್ನಟ್ಟಿ ಬಂದಿದೆ.

ಗೆರೆಯ ಮೊದಲ ಗುರುತು ವೈದ್ಯರ ಚೀಟಿ. ವೈದ್ಯನು ಬರೆದುಕೊಟ್ಟ ಚೀಟಿಯಿಲ್ಲದೆ ಅಪಾಯಕರವಾದ ಔಷಧಗಳನ್ನು ಮಾರಬಾರದೆಂಬ ಕಟ್ಟಳೆ ಇಂದು ಸಹಜವಾಗಿ ತೋರುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಅದು ಬಿಗಿಯಾಗಿ ಜಾರಿಗೆ ಬಂದದ್ದು ಸೈನ್ಯದ ದೆಸೆಯಿಂದಲೇ ಎಂಬುದು ಅನೇಕರಿಗೆ ತಿಳಿದಿರಲಾರದು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಲಂಡನ್ನಿನ ಹೆಸರಾಂತ ಅಂಗಡಿಗಳಲ್ಲಿ ಕೊಕೇನ್ ಮತ್ತು ಮಾರ್ಫಿಯಾ ಬೆರಸಿದ ತೆಳುವಾದ ಹಾಳೆಗಳನ್ನು ಪುಟ್ಟ ಪೆಟ್ಟಿಗೆಗಳಲ್ಲಿಟ್ಟು, ರಣರಂಗದಲ್ಲಿರುವ ಮಿತ್ರರಿಗೆ ಒಪ್ಪುವ ಉಡುಗೊರೆಯೆಂದು ಮಾರುತ್ತಿದ್ದರು. ೧೯೧೬ರ ಮೊದಲಲ್ಲಿ ಫೋಕ್‌ಸ್ಟನ್ ಬಂದರಿನ ಬಳಿ ಬೀಡುಬಿಟ್ಟಿದ್ದ ಕೆನಡಾ ದೇಶದ ಸಿಪಾಯಿಗಳಿಗೆ ಕೊಕೇನ್ ಮಾರಿದ ಇಬ್ಬರು ಸೆರೆಗೆ ಹೋದರು. ಅದೇ ವರ್ಷ ಮೇ ತಿಂಗಳಿನಲ್ಲಿ ಸೈನ್ಯಮಂಡಲಿಯು ಇಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಸೈನಿಕರಿಗೆ ಮಾರಕೂಡದೆಂದು ಅಪ್ಪಣೆ ಮಾಡಿತು. ಜುಲೈ ತಿಂಗಳಿನಲ್ಲಿ ದೇಶರಕ್ಷಣಾ ಶಾಸನದ ನಿಯಮವೊಂದು ಕೊಕೇನ್ ಅಫೀಮುಗಳ ಮಟ್ಟಿಗೆ ಅದನ್ನೇ ಸಕಲ ಪ್ರಜೆಗಳಿಗೂ ವಿಸ್ತರಿಸಿತು. ೧೯೨೦ರ ಕಾನೂನು ಅದನ್ನು ಸ್ಥಿರಪಡಿಸಿತು. ಸೈನಿಕನಿಗೂ ಮದ್ದಿಗೂ ನಡುವೆ ಒಂದು ಬಾಗಿಲಿರಲಿ, ಆ ಬಾಗಿಲನ್ನು ವೈದ್ಯನು ಕಾಯಲಿ, ಎಂಬುದು ಇದರ ತಾತ್ಪರ್ಯ. ಬಾಗಿಲು ಕಾಯುವವನೇ ಅದನ್ನು ತೆರೆದಿಟ್ಟರೆ ಏನಾದೀತೆಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ಹಾಗೆ ತೆರೆದದ್ದು ಜರ್ಮನಿಯಲ್ಲಿ. ಅಲ್ಲಿ ಬಳಕೆಗೆ ಬಂದ ಔಷಧದ ಹುಟ್ಟನ್ನು ಮೊದಲು ಹೇಳುವುದು ಯುಕ್ತ. ಜಪಾನಿನ ರಸಾಯನಶಾಸ್ತ್ರಜ್ಞನಾದ ನಾಗಾಯಿ ನಾಗಾಯೋಶಿಯು ೧೮೮೫ರಲ್ಲಿ ಮಾಹುವಾಂಗ್ ಎಂಬ ಚೀನೀ ಮೂಲಿಕೆಯಿಂದ ಎಫೆಡ್ರೀನ್ ಎಂಬ ಸತ್ತ್ವವನ್ನು ಬೇರ್ಪಡಿಸಿದನು. ೧೮೯೩ರಲ್ಲಿ ಅದರಿಂದ ಮೆಥಾಂಫೆಟಮೀನ್ ಎಂಬ ಹೊಸ ವಸ್ತುವನ್ನು ತಯಾರಿಸಿದನು. ಇದಕ್ಕೆ ಹತ್ತಿರದ ನೆಂಟನಾದ ಆಂಫೆಟಮೀನನ್ನು ಅದಕ್ಕೂ ಮುಂಚೆ, ೧೮೮೭ರಲ್ಲಿ, ಎಡೆಲೆಯಾನು ಎಂಬ ರುಮೇನಿಯಾದವನು ಬರ್ಲಿನ್ನಿನಲ್ಲಿ ಸಿದ್ಧಪಡಿಸಿದ್ದನು. ಮಾಹುವಾಂಗ್ ಸೇರಿದ ಎಫೆಡ್ರ ಕುಲದ ಗಿಡವೇ ವೇದದ ಸೋಮಲತೆಯೆಂದು ವಾದಿಸುವ ಪಂಡಿತರುಂಟು. ಪಾರಸಿಕರ ಹೋಮವಿಧಿಯಲ್ಲಿ ಈ ಕುಲದ ಕಡ್ಡಿಗಳನ್ನು ಬಳಸುವುದು ಅವರಿಗೊಂದು ಆಧಾರ. ಇದನ್ನೊಪ್ಪದೆ ಅಣಬೆಯ ಕಡೆಗೆ ಬೆರಳು ತೋರಿಸುವವರೂ ಉಂಟಾದ್ದರಿಂದ ಈ ವಿಷಯ ಇತ್ಯರ್ಥವಾಗಿಲ್ಲ. ಸೋಮಪಾನದಿಂದ ಬಲಗೊಂಡು ವೃತ್ರನನ್ನು ಕೊಂದ ಇಂದ್ರನ ಕಥೆಯನ್ನು ಬಲ್ಲವರಿಗೆ ಈ ವಾದದ ಆಕರ್ಷಣೆ ಎಲ್ಲಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬರ್ಲಿನ್ನಿನ ಟೆಮ್ಲರ್ ಕಾರ್ಖಾನೆಯು ಮೆಥಾಂಫೆಟಮೀನನ್ನು ತಯಾರಿಸುವ ತನ್ನದೇ ಒಂದು ವಿಧಾನಕ್ಕೆ ೧೯೩೭ರಲ್ಲಿ ಸನ್ನದು ಪಡೆದು, ಮರುವರ್ಷ ಪರ್ವಿಟಿನ್ ಎಂಬ ಹೆಸರಿನಲ್ಲಿ ಮೂರು ಮಿಲಿಗ್ರಾಮಿನ ಗುಳಿಗೆಗಳನ್ನು ಮಾರಾಟಕ್ಕೆ ತಂದಿತು. ಚೀಟಿಯ ಹಂಗಿಲ್ಲದೆ ಔಷಧದಂಗಡಿಯಲ್ಲಿ ಯಾರು ಬೇಕಾದರೂ ಅದನ್ನು ಕೊಳ್ಳಬಹುದಾಗಿತ್ತು. ವಿದ್ಯಾರ್ಥಿಗಳು, ದಾದಿಯರು, ರಾತ್ರಿ ಲಾರಿ ನಡೆಸುವವರು ಅದನ್ನು ನುಂಗಿ ನಿದ್ರೆ ಕಳೆಯುತ್ತಿದ್ದರು. ಬರ್ಲಿನ್ನಿನ ಸೈನ್ಯವೈದ್ಯ ವಿದ್ಯಾಪೀಠದಲ್ಲಿ ಶರೀರಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದ ಓಟೋ ರಾಂಕೆಯ ಕಣ್ಣು ಇದರ ಮೇಲೆ ಬಿದ್ದಿತು. ಆಯಾಸವೇ ಸೈನಿಕನ ಮುಖ್ಯ ಶತ್ರುವೆಂಬುದು ಅವನ ಮತ. ಯುದ್ಧವು ಸಮೀಪಿಸುತ್ತಿದ್ದ ಆ ದಿನಗಳಲ್ಲಿ ಅವನು ೯೦ ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿ ಪರೀಕ್ಷೆಗಳನ್ನು ನಡೆಸಿದನು. ಪರ್ವಿಟಿನ್ ಸೇವಿಸಿದವರು ರಾತ್ರಿಯೆಲ್ಲ ಎಚ್ಚರವಾಗಿ ಉತ್ಸಾಹದಿಂದಿದ್ದರು. ಆದರೆ ಲೆಕ್ಕ ಮುಂತಾದ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳಲ್ಲಿ ಅವರ ತಪ್ಪುಗಳು ಕಡಮೆಯಾಗಲಿಲ್ಲ, ಹೆಚ್ಚಿದುವು. ಔಷಧವು ಕಣ್ಣನ್ನು ತೆರೆದಿಡುತ್ತದೆ, ವಿವೇಕವನ್ನು ತೀಕ್ಷ್ಣಗೊಳಿಸುವುದಿಲ್ಲ, ಎಂಬ ಈ ಸಂಗತಿ ಮೊದಲ ದಿನದಿಂದಲೇ ಸೈನ್ಯಕ್ಕೆ ತಿಳಿದಿತ್ತೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಕಣ್ಣು ತೆರೆದಿದ್ದರೆ ಸಾಕೆಂದು ಸೈನ್ಯವು ತೀರ್ಮಾನಿಸಿತು.

೧೯೩೯ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ದಂಡೆತ್ತಿ ಹೋದಾಗ ವಾಹನ ನಡೆಸುವವರಲ್ಲಿಯೂ ಟ್ಯಾಂಕಿನ ಪಡೆಗಳಲ್ಲಿಯೂ ಪರ್ವಿಟಿನ್ ಕ್ರಮವಿಲ್ಲದೆ ಹರಡಿತ್ತು. ನವೆಂಬರಿನಲ್ಲಿ ಸರ್ಕಾರದ ಆರೋಗ್ಯಾಧಿಪತಿಯಾದ ಲಿಯೊನಾರ್ಡೊ ಕೊಂಟಿಯು ಅದರ ಮಾರಾಟವನ್ನು ವೈದ್ಯರ ಚೀಟಿಗೆ ಒಳಪಡಿಸಿದನು. ಇವನು ಕರುಣೆಯಿಂದ ಹೀಗೆ ಮಾಡಿದನೆಂದು ಭಾವಿಸಲಾಗದು. ನಾಟ್ಸಿ ಪಕ್ಷದ ಕುಲಶುದ್ಧಿಯ ವ್ಯಾಮೋಹದಲ್ಲಿ ಮುಳುಗಿದ್ದ ಅವನಿಗೆ ಜನಾಂಗದ ಮೈ ಕೆಡುತ್ತದೆಂಬುದೇ ಚಿಂತೆ. ಅದೇನೇ ಇರಲಿ, ಅವನ ಚೀಟಿ ಅಂಗಡಿಯ ಕಟ್ಟೆಯನ್ನು ಮಾತ್ರ ಕಾಯಿತು. ಸೈನ್ಯದ ಉಗ್ರಾಣಕ್ಕೆ ಅದರ ತಡೆ ತಗಲಲಿಲ್ಲ. ೧೯೪೦ನೆಯ ಏಪ್ರಿಲ್ ೧೭ರಂದು ಸೈನ್ಯದ ವೈದ್ಯಾಧಿಕಾರದಿಂದ ಎಚ್ಚರಗೊಳಿಸುವ ಔಷಧಗಳನ್ನು ಕುರಿತು ಆಜ್ಞಾಪತ್ರವೊಂದು ಹೊರಟಿತು. ಹಗಲು ಒಂದು ಗುಳಿಗೆ, ರಾತ್ರಿ ಒಂದರ ಹಿಂದೊಂದರಂತೆ ಎರಡು, ಬೇಕಾದಲ್ಲಿ ಮೂರು ನಾಲ್ಕು ಗಂಟೆಗಳ ಮೇಲೆ ಮತ್ತೆ ಒಂದೆರಡು, ಎಂದು ಅದು ಪ್ರಮಾಣವನ್ನು ಗೊತ್ತುಮಾಡಿತು. ಪಡೆಗೇ ಒಟ್ಟಾಗಿ ಬರೆದುಕೊಟ್ಟ ಚೀಟಿ ಇದು. ರೋಗವಿಲ್ಲ, ರೋಗಿಯ ಹೆಸರಿಲ್ಲ, ನಾಡಿ ಹಿಡಿದು ನೋಡಿದ ವೈದ್ಯನಿಲ್ಲ.

ಆ ವರ್ಷದ ಏಪ್ರಿಲಿನಿಂದ ಜುಲೈವರೆಗೆ ಪರ್ವಿಟಿನ್ ಮತ್ತು ಅದನ್ನೇ ಹೋಲುವ ಐಸೊಫಾನ್ ಎಂಬುವು ಸೇರಿ ೩ ಕೋಟಿ ೫೦ ಲಕ್ಷಕ್ಕೂ ಹೆಚ್ಚು ಗುಳಿಗೆಗಳು ಭೂಸೈನ್ಯಕ್ಕೂ ವಿಮಾನಪಡೆಗೂ ರವಾನೆಯಾದುವು. ಸಿಪಾಯಿಗಳು ಇದಕ್ಕೆ ಟ್ಯಾಂಕಿನ ಚಾಕೊಲೇಟೆಂದು ಅಡ್ಡಹೆಸರಿಟ್ಟರು. ಫ್ರಾನ್ಸು ಅಷ್ಟು ಬೇಗ ಶರಣಾಗತವಾದದ್ದಕ್ಕೆ ಈ ಗುಳಿಗೆಯೇ ಕಾರಣವೆಂಬಂತೆ ಈಚೆಗೆ ಕೆಲವರು ಬರೆಯುತ್ತಾರೆ. ನಾರ್ಮನ್ ಓಲರನು ೨೦೧೫ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಭಾವನೆಗೆ ಹೆಚ್ಚಿನ ಪುಷ್ಟಿ ದೊರೆಯಿತು. ಇತಿಹಾಸಕಾರ ರಿಚರ್ಡ್ ಇವಾನ್ಸನು ಅದನ್ನು ಅತ್ಯುಕ್ತಿಯೆಂದು ಖಂಡಿಸಿದನು. ಅಂಕಿಗಳನ್ನೇ ಕೇಳಿದರೆ ಇವಾನ್ಸನ ಪಕ್ಷವು ಗಟ್ಟಿಯಾಗಿ ಕಾಣುತ್ತದೆ. ಪಶ್ಚಿಮ ರಣರಂಗದಲ್ಲಿ ಜರ್ಮನರ ಬಲ ಸುಮಾರು ೩೦ ಲಕ್ಷವೆಂದಿಟ್ಟುಕೊಂಡು ಸಮನಾಗಿ ಹಂಚಿದರೆ, ಈ ತಿಂಗಳುಗಳಲ್ಲಿ ಒಬ್ಬೊಬ್ಬನ ಪಾಲಿಗೆ ಹನ್ನೆರಡು ಗುಳಿಗೆಗಳೂ ಬರುವುದಿಲ್ಲ. ಆದರೆ ಸಮಭಾಗವೆಂಬುದು ಲೆಕ್ಕದ ಪುಸ್ತಕದಲ್ಲಷ್ಟೇ ಸಾಧ್ಯ. ಮುಂಚೂಣಿಯ ಟ್ಯಾಂಕಿನವನು, ವಾಹನ ನಡೆಸುವವನು, ವಿಮಾನದ ಚಾಲಕ ಇವರಿಗೆ ಬೊಗಸೆಯಷ್ಟು ಸಿಕ್ಕಿ, ಹಿಂದೆ ಕುದುರೆಗಾಡಿಗಳೊಡನೆ ನಡೆದು ಬಂದವರಿಗೆ ಏನೂ ಸಿಕ್ಕದಿದ್ದಿರಬಹುದು. ಆದಕಾರಣ ಗುಳಿಗೆಯಿಂದ ಜಯ ಬಂದಿತೆಂಬುದು ಒಪ್ಪತಕ್ಕ ಮಾತಲ್ಲ. ಗುಳಿಗೆಯಿಂದ ಕೆಲವರ ಮೈಮನಸ್ಸುಗಳು ಕೆಟ್ಟುವೆಂಬುದು ಅಲ್ಲಗಳೆಯತಕ್ಕದ್ದೂ ಅಲ್ಲ. ಅಧಿಕಾರಿಗಳಲ್ಲಿ ಹೃದಯಸ್ತಂಭನದಿಂದ ಮರಣಗಳು ಸಂಭವಿಸಿದುವು. ಒಂದು ಗುಳಿಗೆಗೆ ಬಗ್ಗುತ್ತಿದ್ದ ನಿದ್ರೆ ಬರುಬರುತ್ತ ಮೂರಕ್ಕೂ ಬಗ್ಗದಾಯಿತು. ಪರೀಕ್ಷೆ ನಡೆಸಿದ ರಾಂಕೆಯೂ ಕೆಲಸದ ಒತ್ತಡದಲ್ಲಿ ಅದಕ್ಕೆ ಕೈಯೊಡ್ಡುವವನಾದನು. ೧೯೪೧ನೆಯ ಜೂನಿನಲ್ಲಿ ಪರ್ವಿಟಿನ್ ಅಫೀಮಿನ ಕಾನೂನಿಗೆ ಒಳಪಟ್ಟಿತು. ಬಳಕೆ ತಗ್ಗಿತೇ ಹೊರತು ನಿಲ್ಲಲಿಲ್ಲ.

ಈ ಕಥೆಯ ಒಳಗಿನ ಮುಖವನ್ನು ತೋರಿಸುವ ಸಾಕ್ಷ್ಯವೊಂದು ಸಾಹಿತ್ಯದ ಇತಿಹಾಸಕ್ಕೆ ಸೇರಿದ್ದು. ೧೯೭೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೈನ್ರಿಷ್ ಬೋಲ್ ಎಂಬ ಕಾದಂಬರಿಕಾರನು ಆಗ ಇಪ್ಪತ್ತೊಂದು ಇಪ್ಪತ್ತೆರಡರ ತರುಣ, ಸಾಮಾನ್ಯ ಸಿಪಾಯಿ. ಯುದ್ಧಕಾಲದಲ್ಲಿ ಅವನು ಮನೆಯವರಿಗೆ ಬರೆದ ಕಾಗದಗಳು ೨೦೦೧ರಲ್ಲಿ ಅಚ್ಚಾಗಿವೆ. ೧೯೩೯ನೆಯ ನವೆಂಬರ್ ೯ರ ಕಾಗದದಲ್ಲಿ, ಇಲ್ಲಿಯ ಕೆಲಸ ಕಠಿಣವಾದುದು, ಕಾಗದಗಳು ವಿರಳವಾದರೆ ಮನ್ನಿಸಬೇಕು, ಎಂದು ಹೇಳಿಕೊಂಡು, ಇಂದು ಬರೆಯುತ್ತಿರುವುದು ಮುಖ್ಯವಾಗಿ ಪರ್ವಿಟಿನ್ ಕೇಳುವುದಕ್ಕೆ ಎಂದು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ. ೧೯೪೦ನೆಯ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಅದೇ ಬೇಡಿಕೆ ಮರಳಿ ಬರುತ್ತದೆ. ಇದನ್ನು ಓದುವವರು ಬೆರಗಾಗುವುದು ಬೇಡಿಕೆಗಲ್ಲ, ಅದರ ದನಿಗೆ. ಕಾಲುಚೀಲವನ್ನೋ ಹೊಗೆಸೊಪ್ಪನ್ನೋ ಕೇಳುವ ಮಗನ ದನಿ ಅದು. ಲಜ್ಜೆಯಿಲ್ಲ, ಲಜ್ಜೆಗೆ ಕಾರಣವೂ ಅವನಿಗೆ ಕಂಡಿರಲಾರದು. ಸೈನ್ಯವೇ ಹಂಚುತ್ತಿದ್ದ ಪದಾರ್ಥವನ್ನು ಮನೆಯಿಂದ ತರಿಸಿಕೊಂಡರೆ ಅದು ದುರುಪಯೋಗವೇ? ಮೇಲಧಿಕಾರಿಯ ಕೈಯಿಂದ ಬಂದ ಗುಳಿಗೆ ಕರ್ತವ್ಯಕ್ಕೆ ಸಾಧನ, ತಾಯಿಯ ಕಟ್ಟಿನಲ್ಲಿ ಬಂದ ಗುಳಿಗೆ ದುಶ್ಚಟ, ಎಂದು ವಿಂಗಡಿಸಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ೧೯೧೬ರ ಲಂಡನ್ನಿನ ಉಡುಗೊರೆಯ ಪೆಟ್ಟಿಗೆಗೂ ಕೊಲೋನಿನ ಈ ಕಟ್ಟಿಗೂ ಭೇದ ಅತ್ಯಲ್ಪ.

ಎದುರುಪಕ್ಷದವರು ಇದರಿಂದ ದೂರವಿದ್ದರೆಂದು ತಿಳಿಯಬಾರದು. ಆಂಗ್ಲೇಯರ ಮತ್ತು ಅಮೆರಿಕದವರ ಸೈನ್ಯಗಳಲ್ಲಿ ಬೆಂಜೆಡ್ರೀನ್ ಎಂಬ ಹೆಸರಿನಲ್ಲಿ ಆಂಫೆಟಮೀನ್ ಹಂಚಲ್ಪಟ್ಟಿತು. ಯುದ್ಧ ಮುಗಿಯುವುದರೊಳಗಾಗಿ ಆಂಗ್ಲ ಸೈನ್ಯಕ್ಕೆ ಸಂದದ್ದೇ ೭ ಕೋಟಿ ೨೦ ಲಕ್ಷ ಗುಳಿಗೆಗಳೆಂದು ಲೆಕ್ಕ. ಈ ವಿಷಯವನ್ನು ಆಳವಾಗಿ ಸಂಶೋಧಿಸಿರುವ ನಿಕೊಲಾಸ್ ರಾಸ್ಮುಸೆನ್ನನು ತೋರಿಸಿಕೊಟ್ಟಿರುವ ಸಂಗತಿಯೊಂದು ಅತ್ಯಂತ ಗಮನಾರ್ಹ. ಬಳಲಿಕೆಯನ್ನು ಹೋಗಲಾಡಿಸುವುದರಲ್ಲಿ ಬೆಂಜೆಡ್ರೀನ್ ಕಾಫಿಯ ಸತ್ತ್ವಕ್ಕಿಂತ ಮೇಲೆಂದು ಆ ಕಾಲದ ಪರೀಕ್ಷೆಗಳು ಸ್ಥಾಪಿಸಲಿಲ್ಲ. ಆದರೂ ಸೈನ್ಯಗಳು ಅದನ್ನು ಆರಿಸಿಕೊಂಡದ್ದು ಅದು ಮನಸ್ಸನ್ನು ಹುರಿದುಂಬಿಸಿ ಎದೆಗಾರಿಕೆಯನ್ನು ಹೆಚ್ಚಿಸುತ್ತಿದ್ದ ಕಾರಣದಿಂದ. ಔಷಧವನ್ನು ದುರಭ್ಯಾಸಕ್ಕೆ ಎಳೆಯುವ ಗುಣವೂ ಇದೇ. ವೈದ್ಯನು ದೋಷವೆಂದು ಎಣಿಸಬೇಕಾದುದನ್ನು ಸೇನಾನಿಯು ಗುಣವೆಂದು ಎಣಿಸಿದನು. ಜಪಾನಿನಲ್ಲಿ ಇದರ ಪರಿಣಾಮ ಯುದ್ಧಾನಂತರ ಪ್ರಕಟವಾಯಿತು. ಫಿಲೊಪಾನ್ ಎಂಬ ಹೆಸರಿನ ಮೆಥಾಂಫೆಟಮೀನ್ ಸೈನ್ಯದ ಉಗ್ರಾಣಗಳಿಂದ ಪೇಟೆಗೆ ಹರಿದು, ೧೯೫೧ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು; ೧೯೫೪ರೊಂದರಲ್ಲಿಯೇ ೫೫,೦೦೦ಕ್ಕೆ ಮೇಲ್ಪಟ್ಟ ಜನರು ಬಂಧಿತರಾದರು.

ಯುದ್ಧಕಾಲದ ಈ ಪಾಠಗಳನ್ನು ಮುಂದಿನವರು ಕಲಿತಂತೆ ತೋರುವುದಿಲ್ಲ. ವಿಯೆಟ್ನಾಮಿನಲ್ಲಿ ಕಾದಾಡುತ್ತಿದ್ದ ಕಾಲದಲ್ಲಿ, ೧೯೬೬ರಿಂದ ೧೯೬೯ರವರೆಗೆ, ಅಮೆರಿಕದ ಪಡೆಗಳು ಉಪಯೋಗಿಸಿದ ಉತ್ತೇಜಕ ಗುಳಿಗೆಗಳು ೨೨ ಕೋಟಿ ೫೦ ಲಕ್ಷವೆಂದು ಆ ದೇಶದ ಪ್ರತಿನಿಧಿಸಭೆಯ ಸಮಿತಿಯೊಂದು ೧೯೭೧ರಲ್ಲಿ ಎಣಿಸಿತು. ಇವುಗಳಲ್ಲಿ ಬಹುಪಾಲು ಡೆಕ್ಸೆಡ್ರೀನ್, ಬೆಂಜೆಡ್ರೀನಿಗಿಂತ ತೀವ್ರವಾದುದು. ಆದರೆ ಅದೇ ವರ್ಷ ದೇಶವನ್ನೆಲ್ಲ ಕಲಕಿದ್ದು ಸಿಪಾಯಿಗಳು ಬೀದಿಯಲ್ಲಿ ಕೊಳ್ಳುತ್ತಿದ್ದ ಹೆರಾಯಿನ್ ಮಾತ್ರ. ತಾಯ್ನಾಡಿಗೆ ಹೊರಡುವ ಪ್ರತಿಯೊಬ್ಬನ ಮೂತ್ರವನ್ನೂ ಪರೀಕ್ಷಿಸಬೇಕೆಂದು ಅಧ್ಯಕ್ಷ ನಿಕ್ಸನ್ನನ ಅಪ್ಪಣೆಯಾಯಿತು. ಹಿಂದಿರುಗಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಹುಡುಕಿ ವಿಚಾರಿಸಿದಾಗ, ಅಲ್ಲಿ ಹೆರಾಯಿನಿಗೆ ದಾಸರಾಗಿದ್ದವರಲ್ಲಿ ನೂರಕ್ಕೆ ಐವರು ಮಾತ್ರ ಮೊದಲ ವರ್ಷದಲ್ಲಿ ಪುನಃ ಆ ದಾಸ್ಯಕ್ಕೆ ಬಿದ್ದಿದ್ದರೆಂದು ತಿಳಿದುಬಂದಿತು. ಚಟದ ಬೇರು ವ್ಯಕ್ತಿಯ ದೌರ್ಬಲ್ಯದಲ್ಲಿದೆಯೆಂಬ ರೂಢಿಯ ನಂಬಿಕೆ ಇದರಿಂದ ಅಲುಗಿತು. ಅವನನ್ನು ನಿಲ್ಲಿಸಿದ ಸ್ಥಳದ ಮೇಲೂ ವಿಚಾರಣೆಯ ಭಾರ ಬಿದ್ದಿತು.

ಡೆಕ್ಸೆಡ್ರೀನ್ ಮತ್ತೊಮ್ಮೆ ಲೋಕದ ಗಮನಕ್ಕೆ ಬಂದದ್ದು ೨೦೦೨ನೆಯ ಏಪ್ರಿಲಿನಲ್ಲಿ. ಆಫ್ಘಾನಿಸ್ತಾನದ ಕಂದಹಾರದ ಬಳಿ ರಾತ್ರಿ ಗುಂಡಿನ ಅಭ್ಯಾಸ ನಡೆಸುತ್ತಿದ್ದ ಕೆನಡಾದ ಸೈನಿಕರನ್ನು ಶತ್ರುಗಳೆಂದು ಭ್ರಮಿಸಿ ಅಮೆರಿಕದ ವಿಮಾನವೊಂದು ಬಾಂಬು ಹಾಕಿತು. ನಾಲ್ವರು ಮಡಿದರು, ಎಂಟು ಮಂದಿ ಗಾಯಗೊಂಡರು. ವಿಮಾನಪಡೆಯು ಒದಗಿಸಿದ ಡೆಕ್ಸೆಡ್ರೀನನ್ನು ಚಾಲಕರು ಸೇವಿಸಿದ್ದರೆಂದು ಅವರ ವಕೀಲರು ವಾದಿಸಿದರು. ದುರಂತಕ್ಕೆ ಅದು ಕಾರಣವಲ್ಲವೆಂದು ವಿಮಾನಪಡೆಯು ಉತ್ತರವಿತ್ತಿತು. ಯಾರ ವಾದ ಸರಿಯೆಂಬುದಕ್ಕಿಂತ, ಆ ವಿಚಾರಣೆಯಿಂದ ಬೆಳಕಿಗೆ ಬಂದ ಒಪ್ಪಿಗೆಯ ಪತ್ರವೊಂದು ಇಲ್ಲಿ ಮುಖ್ಯ. ಗುಳಿಗೆಯನ್ನು ತೆಗೆದುಕೊಳ್ಳುವುದು ಚಾಲಕನ ಇಚ್ಛೆಗೆ ಬಿಟ್ಟದ್ದೆಂದು ಆ ಪತ್ರ ಹೇಳುತ್ತಿತ್ತು. ತೆಗೆದುಕೊಳ್ಳಲೊಪ್ಪದವನನ್ನು ಆಯಾ ಕಾರ್ಯಕ್ಕೆ ಅನರ್ಹನೆಂದು ಅಧಿಕಾರಿಯು ನಿರ್ಣಯಿಸಬಹುದೆಂದೂ ಹೇಳುತ್ತಿತ್ತು. ಹೊರಡುವಾಗ ಎಚ್ಚರದ ಗುಳಿಗೆ, ಮರಳಿ ಬಂದಾಗ ನಿದ್ರೆಯ ಗುಳಿಗೆ, ಎರಡೂ ವೈದ್ಯನಿಂದ.

ಈ ಯುದ್ಧಗಳು ವರ್ಷಗಟ್ಟಲೆ ಬೆಳೆದಂತೆ ರೋಗದ ಸ್ವರೂಪವೇ ಬದಲಾಯಿತು. ಎಚ್ಚರದ ಔಷಧಕ್ಕಿಂತ ನೋವಿಳಿಸುವ ಔಷಧವು ಮೇಲುಗೈಯಾಯಿತು. ರಕ್ಷಾಕವಚ ಮದ್ದುಗುಂಡುಗಳ ಭಾರದಿಂದ ಬೆನ್ನು ಮೊಣಕಾಲುಗಳು ಸವೆದವರು, ಹಿಂದಿನ ಯುದ್ಧಗಳಲ್ಲಾದರೆ ಸಾಯುತ್ತಿದ್ದು ಈಗ ಚಿಕಿತ್ಸೆಯ ಚಾತುರ್ಯದಿಂದ ಬದುಕುಳಿದ ಗಾಯಾಳುಗಳು, ಎರಡು ಮೂರು ಸಲ ರಣರಂಗಕ್ಕೆ ಹೋಗಿ ಬಂದು ನಿದ್ರೆಗೆಟ್ಟವರು, ಇವರೆಲ್ಲರಿಗೂ ಅಫೀಮಿನ ವರ್ಗಕ್ಕೆ ಸೇರಿದ ಆಕ್ಸಿಕೋಡೋನ್, ಹೈಡ್ರೋಕೋಡೋನ್ ಮೊದಲಾದುವು ಧಾರಾಳವಾಗಿ ದೊರೆತುವು. ಸೈನ್ಯದ ವೈದ್ಯರು ನೋವಿನ ಔಷಧಗಳಿಗೆ ಬರೆದುಕೊಟ್ಟ ಚೀಟಿಗಳು ೨೦೦೧ರಿಂದ ೨೦೦೯ರೊಳಗೆ ನಾಲ್ಮಡಿಯಾಗಿ ಸುಮಾರು ೩೮ ಲಕ್ಷವನ್ನು ಮುಟ್ಟಿದುವು. ಸೇವೆಯಲ್ಲಿದ್ದವರೊಳಗೆ ಚೀಟಿಯ ಔಷಧವನ್ನು ದುರುಪಯೋಗಪಡಿಸಿಕೊಂಡೆವೆಂದು ಒಪ್ಪಿಕೊಂಡವರು ೨೦೦೨ರಲ್ಲಿ ನೂರಕ್ಕೆ ೨, ೨೦೦೫ರಲ್ಲಿ ೪, ೨೦೦೮ರಲ್ಲಿ ೧೧. ಈ ವರ್ಷಗಳಲ್ಲಿ ಪ್ರಶ್ನಾವಳಿಯ ಮಾತುಗಳೂ ಬದಲಾದುವಾಗಿ ಏರಿಕೆಯಷ್ಟನ್ನೂ ಚಟದ ಖಾತೆಗೆ ಬರೆಯುವುದು ನ್ಯಾಯವಲ್ಲ; ಹಾಗೆಂದು ಅದನ್ನು ಬರಿಯ ಲೆಕ್ಕದ ಭ್ರಮೆಯೆಂದು ತಳ್ಳಿಹಾಕಲು, ಚೀಟಿಗಳ ಸಂಖ್ಯೆಯನ್ನು ಕಂಡ ಮೇಲೆ, ಮನಸ್ಸೊಪ್ಪುವುದಿಲ್ಲ.

ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ವಿದ್ವತ್ಸಂಸ್ಥೆಯು ೨೦೧೨ರಲ್ಲಿ ಈ ವಿಷಯವನ್ನು ಕುರಿತು ಹೊರಪಡಿಸಿದ ವರದಿಯು ಸೈನ್ಯದ ಚಿಕಿತ್ಸಾಕ್ರಮವು ಹಳತಾಗಿದೆಯೆಂದು ನಿಷ್ಠುರವಾಗಿಯೇ ನುಡಿಯಿತು. ಸಹಾಯ ಬೇಡಿ ವೈದ್ಯನ ಬಳಿಗೆ ಹೋದವನ ಸುದ್ದಿ ಅವನ ಮೇಲಧಿಕಾರಿಗೆ ಮುಟ್ಟುವುದೆಂಬ ಭಯವೇ ಅನೇಕರನ್ನು ಬಾಗಿಲಿನಿಂದ ಹಿಂದಿರುಗಿಸುತ್ತದೆಂದೂ ಗುಟ್ಟನ್ನು ಕಾಪಾಡುವ ಚಿಕಿತ್ಸೆ ಬೇಕೆಂದೂ ಅದು ಸೂಚಿಸಿತು. ಕರ್ನಲನ ಸೇವಕನೂ ರೋಗಿಯ ಮಿತ್ರನೂ ಏಕಕಾಲದಲ್ಲಿ ಆಗಿರಬೇಕಾದ ದಂಡಿನ ವೈದ್ಯನ ಇಕ್ಕಟ್ಟು ರಾಂಕೆಯ ಕಾಲದಲ್ಲಿ ಎಲ್ಲಿತ್ತೋ ಹೆಚ್ಚುಕಡಮೆ ಅಲ್ಲಿಯೇ ಇದ್ದಿತು.

ಅಷ್ಟರೊಳಗೆ ಸೈನ್ಯವು ತನ್ನ ರೀತಿಯಲ್ಲಿ ಕ್ರಮ ಕೈಗೊಂಡಿತ್ತು. ೨೦೧೧ರಲ್ಲಿ ಅಮೆರಿಕದ ಭೂಸೈನ್ಯವು ಇಂಥ ಔಷಧಗಳ ಚೀಟಿಗೆ ಆರು ತಿಂಗಳ ಅವಧಿಯನ್ನು ವಿಧಿಸಿತು. ೨೦೧೨ನೆಯ ಮೇ ತಿಂಗಳಿನಿಂದ ಹೈಡ್ರೋಕೋಡೋನನ್ನೂ ನಿದ್ರೆಗೂ ಆತಂಕಕ್ಕೂ ಕೊಡುವ ಬೆಂಜೊಡೈಯಜೆಪೀನ್ ವರ್ಗವನ್ನೂ ರಕ್ಷಣಾ ಇಲಾಖೆಯು ಮೂತ್ರಪರೀಕ್ಷೆಯ ಪಟ್ಟಿಗೆ ಸೇರಿಸಿತು. ಪರೀಕ್ಷೆಯಲ್ಲಿ ಔಷಧದ ಕುರುಹು ಕಂಡರೆ ಸೈನಿಕನು ಚೀಟಿಯನ್ನು ತೋರಿಸಬೇಕು. ಚೀಟಿ ಅವಧಿಯೊಳಗಿನದಾದರೆ ಅವನು ರೋಗಿ. ಹಳೆಯ ಗಾಯ ಮತ್ತೆ ನೊಂದೀತೆಂದು ಪೆಟ್ಟಿಗೆಯ ತಳದಲ್ಲಿ ಉಳಿಸಿಕೊಂಡಿದ್ದ ಅದೇ ಸೀಸೆಯ ಅದೇ ಗುಳಿಗೆಯನ್ನು ಅವಧಿ ತೀರಿದ ಮಾರನೆಯ ದಿನ ನುಂಗಿದ್ದರೆ ಅವನು ಅಪರಾಧಿ.